ಎರಡನೇ ವೈರು

ವಿರ್ಜಿಲ್ ಮತ್ತು ನಾನು ಬಹಳ ವರ್ಷಗಳಿಂದ ಜೊತೆಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದೇವೆ. ನಮ್ಮೂರು ಪ್ಯಾತ್ರ ನ್ಯಾಮ್ಟ್ಸ್‌ನ ಹಳೆಯ ಎತ್ತರದ ಕಟ್ಟಡಗಳಲ್ಲಿ ಯಾವ ಲಿಫ್ಟು ಚಳಿಗೆ ನಿಲ್ಲುತ್ತದೆ, ಯಾವುದು ಮಕ್ಕಳು ಗುಂಡಿ ಒತ್ತಿ ಒತ್ತಿ ಕೆಟ್ಟಿದೆ, ಎಲ್ಲ ನಮಗೆ ಬಾಯಿಪಾಠ. ಅವನು ಕಡಿಮೆ ಮಾತಿನವನು. ಕೆಟ್ಟ ಲಿಫ್ಟಿನ ಮುಂದೆ ನಿಂತಾಗ ಮಾತ್ರ ಅವನ ಮುಖಕ್ಕೆ ಕಳೆ ಬರುತ್ತದೆ. ದೋಷ ಸಿಗುವವರೆಗೆ ಊಟ ಬೇಡ, ಸಿಗರೇಟು ಬೇಡ, ಪಕ್ಕದಲ್ಲಿ ನಾನು ಇದ್ದೇನೆ ಎಂಬ ನೆನಪೂ ಬೇಡ. ಸಿಕ್ಕಿತೋ, ಹಬ್ಬ ಬಂದವನ ಹಾಗೆ ನಗುತ್ತಾನೆ. ಅವನ ಮನೆಯಲ್ಲಿ ಆದದ್ದನ್ನು ಹೇಳುವುದಾದರೆ ಈ ಸ್ವಭಾವದಿಂದಲೇ ಶುರುಮಾಡಬೇಕು.

ಅವನ ಹೆಂಡತಿ ನೆಲಾ ಹೊಲಿಗೆ ಕಾರ್ಖಾನೆಯಲ್ಲಿ ಇದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷದ ಮಾತಿಗೆ ಇಟಲಿಗೆ ಹೋದಳು. ಮೋದೆನಾದಲ್ಲಿ ಒಬ್ಬ ಮುದುಕಿಯ ಮನೆಯಲ್ಲೇ ಇದ್ದು ಆಕೆಯನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕಡೆ ಇದೇನೂ ಹೊಸದಲ್ಲ. ಯಾವ ಕಟ್ಟಡಕ್ಕೆ ಹೋಗಿ ಕೇಳಿದರೂ ಕೆಲವು ಮನೆಯ ಹೆಂಗಸರು ಅಲ್ಲಿ ಯಾರದೋ ತಾಯಿಗೆ ಸೂಪು ಕುಡಿಸುತ್ತಿರುತ್ತಾರೆ. ಇಲ್ಲಿ ಅವರ ಮಕ್ಕಳಿಗೆ ಅಪ್ಪನೋ ಅಜ್ಜಿಯೋ ಜಡೆ ಹಾಕುತ್ತಿರುತ್ತಾರೆ. ಮಗಳು ಇಲಿಂಕಾಗೆ ಆಗ ಒಂಬತ್ತು ವರ್ಷ. ವಿರ್ಜಿಲ್ ಜಡೆ ಹಾಕುವುದನ್ನು ಲಿಫ್ಟಿನ ಉಕ್ಕಿನ ಹಗ್ಗ ಹೆಣೆಯುವಷ್ಟೇ ಬಿಗಿಯಾಗಿ ಕಲಿತ. ಆ ಬಿಗಿಗೆ ಹುಡುಗಿ ಕಣ್ಣು ಎಳೆದುಕೊಂಡೇ ಶಾಲೆಗೆ ಹೋಗುತ್ತಿದ್ದಳು.

ಮೊದಲ ಬೇಸಿಗೆಯಲ್ಲಿ ನೆಲಾಳ ಫೋನು ಅಲ್ಲಿನ ಬಸ್ಸಿನಲ್ಲಿ ಕಳೆದುಹೋಯಿತು. ಇಲಿಂಕಾ ಹುಟ್ಟಿದಾಗಿನಿಂದ ತೆಗೆದ ಚಿತ್ರಗಳೆಲ್ಲ ಅದರಲ್ಲೇ ಇದ್ದವು. ಫೋನು ಹೋದದ್ದಕ್ಕಲ್ಲ, ಆ ಚಿತ್ರಗಳಿಗಾಗಿ ಅವಳು ಅತ್ತಳು. ಆ ಅಳು ಕೇಳಿ ವಿರ್ಜಿಲ್ ಒಂದು ಪೆಟ್ಟಿಗೆ ತಂದ. ಒಳಗೆ ಡಿಸ್ಕುಗಳಿರುವ, ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ರೂಟರಿಗೆ ವೈರು ಸಿಕ್ಕಿಸಿಟ್ಟರೆ ಮನೆಯ ಫೋನುಗಳಲ್ಲಿ ತೆಗೆದ ಚಿತ್ರ, ವಿಡಿಯೊ ಎಲ್ಲ ತಾನಾಗಿ ಅದರೊಳಗೆ ಹೋಗಿ ಕೂರುತ್ತವೆ. ಇಟಲಿಯಲ್ಲಿ ಕೂತು ಕೂಡ ತೆಗೆದು ನೋಡಬಹುದು.

“ಇನ್ಮೇಲೆ ಏನೂ ಕಳೆಯಲ್ಲ, ನೆಲಾ” ಎಂದಿದ್ದ. ಅವನಿಂದ ಅಷ್ಟು ಪ್ರೀತಿಯ ಮಾತು ಹೊರಡುವುದು ಅಪರೂಪ.

ಅಲ್ಲಿಂದ ಅವನಿಗೆ ವಿಡಿಯೊ ತೆಗೆಯುವ ಹುಚ್ಚು ಹಿಡಿಯಿತು. ಇಲಿಂಕಾ ಹಲ್ಲು ಉಜ್ಜುವುದು, ಪದ್ಯ ಬಾಯಿಪಾಠ ಮಾಡುವುದು, ಮೊದಲ ಹಿಮದಲ್ಲಿ ಜಾರಿ ಬೀಳುವುದು. ಸಂಜೆ ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ಅವನ ಫೋನಿನಿಂದ ಎಲ್ಲ ಪೆಟ್ಟಿಗೆಗೆ ಹರಿಯಲು ಶುರುವಾಗುತ್ತಿತ್ತು. ಪೆಟ್ಟಿಗೆಯ ಹಿಂದೆ ವೈರು ಸಿಕ್ಕಿಸಲು ಎರಡು ತೂತುಗಳಿದ್ದವು. ಶರತ್ಕಾಲದ ಒಂದು ಭಾನುವಾರ, ಬೇರೆ ಕೆಲಸವಿಲ್ಲದಾಗ, ಅವನು ಎರಡನೆಯದರಿಂದಲೂ ರೂಟರಿಗೆ ಒಂದು ವೈರು ಎಳೆದ. ನಾವು ಲಿಫ್ಟಿನವರು, ಒಂದೇ ಹಗ್ಗಕ್ಕೆ ಯಾವುದನ್ನೂ ನೇತುಹಾಕಿದವರಲ್ಲ. ಎರಡಿದ್ದರೆ ಬೇಗನೂ ಹೋಗುತ್ತದೆ, ಭದ್ರವೂ ಹೌದು ಎಂದುಕೊಂಡ. ಹಾಕಿದ, ಮರೆತ.

ಆಮೇಲೆ ನೆಟ್ ಕಟ್ಟಾಗಲು ಶುರುವಾಯಿತು. ದಿನಾ ಅಲ್ಲ, ಹೊತ್ತುಗೊತ್ತು ಇಟ್ಟುಕೊಂಡೂ ಅಲ್ಲ. ಸಾಮಾನ್ಯವಾಗಿ ಸಂಜೆ. ಮುದುಕಿಗೆ ಊಟ ಮಾಡಿಸಿ ಟೀವಿ ಮುಂದೆ ಕೂರಿಸಿ ನೆಲಾ ಕರೆ ಮಾಡುವ ಹೊತ್ತೂ ಅದೇ. ಮಾತಿನ ನಡುವೆ ಅವಳ ಮುಖ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಒಂದು ಕಣ್ಣು ಅರ್ಧ ಮುಚ್ಚಿ, ಬಾಯಿ ಸೊಟ್ಟಗಾಗಿ. ಮೊದಮೊದಲು ಇಲಿಂಕಾ ನಗುತ್ತಿದ್ದಳು. ಆಮೇಲಾಮೇಲೆ ಫೋನನ್ನು ಅಪ್ಪನ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದಳು.

ನೆಟ್ ಕಂಪನಿಯಿಂದ ಒಬ್ಬ ಬಂದು ನೋಡಿದ. “ಲೈನು ಚೆನ್ನಾಗೇ ಇದೆ ಸಾರ್. ಮನೇಲಿ ಏನಾದ್ರೂ ಹೊಸದಾಗಿ ಹಾಕಿದ್ರಾ?”

“ಏನೂ ಇಲ್ಲಪ್ಪ” ಎಂದ ವಿರ್ಜಿಲ್. ಸುಳ್ಳು ಹೇಳಲಿಲ್ಲ. ಪೆಟ್ಟಿಗೆ ಬೇಸಿಗೆಯಿಂದಲೂ ಅಲ್ಲೇ ಇತ್ತು, ಬೇಸಿಗೆಯಲ್ಲಿ ನೆಟ್ ಸರಿಯಾಗಿಯೇ ಇತ್ತು. ಕಂಪನಿಯವನು ರೂಟರು ಬದಲಿಸಿ ಹೋದ. ಎರಡು ದಿನ ಸರಿ, ಮತ್ತೆ ಅದೇ ಹಾಡು. ವಿರ್ಜಿಲ್ ಗೋಡೆಯ ವೈರು ಬದಲಿಸಿದ, ರೂಟರನ್ನು ಕಿಟಕಿಯ ಹತ್ತಿರ ಇಟ್ಟ, ಬೀರುವಿನ ಮೇಲೆ ಇಟ್ಟ. ಕೊನೆಗೆ ಕೆಳಗಿನ ಮನೆಯ ಅಗ್ಲಾಯಾಳನ್ನು ಹೋಗಿ ಕೇಳಿದ. ಇಡೀ ಕಟ್ಟಡಕ್ಕೆ ಆಕೆ ಅತ್ತೆ. ಯಾರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಗೊತ್ತಾಗುವುದು ಆಕೆಗೆ.

“ಅತ್ತೆ, ನಿಮ್ಮನೇಲೂ ನೆಟ್ ಹೋಗತ್ತಾ?”

“ನಮ್ಮನೇಲಿ ಟೀವಿನೂ ಅದರಲ್ಲೇ ಬರೋದು, ಒಂದಿನಾನೂ ನಿಂತಿಲ್ಲ. ನಿನ್ನ ಹೆಂಡ್ತಿ ಮಾತು ಭಾರ ಆಗಿ ವೈರು ತಡ್ಕೊಳ್ತಿಲ್ಲ ಅನ್ಸತ್ತೆ. ಹೋಗು, ಅವಳು ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನು, ಹಗುರ ಆಗತ್ತೆ.”

ಅವನು ಇದನ್ನು ನನಗೆ ಹೇಳಿದಾಗ ನಾನೂ ನಕ್ಕೆ. ಅತ್ತ ನೆಲಾಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳಿಗೆ ಬೇರೆಯೇ ಅನುಮಾನ ಹುಟ್ಟಿತ್ತು.

“ವಿರ್ಜಿಲ್, ನಾನು ಒಂದು ಗಮನಿಸಿದೀನಿ. ಹವಾ ಹೆಂಗಿದೆ ಅಂದ್ರೆ ನೆಟ್ ಇರತ್ತೆ. ನಿನ್ನ ಮನಸಲ್ಲೇನಿದೆ ಅಂದ ತಕ್ಷಣ ಹೋಗತ್ತೆ.”

“ನಾನೇನು ಬೇಕು ಅಂತ ಮಾಡ್ತೀನಾ?”

“ಮಾಡ್ತೀಯ ಅನ್ನಲಿಲ್ಲ. ಹೋದಾಗ ನಿನಗೆ ಬೇಜಾರಾದ ಹಂಗೆ ಕಾಣಲ್ಲ.”

“ನಿನಗೆ ನನ್ನ ಮುಖ ಎಲ್ಲಿ ಕಾಣತ್ತೆ, ನೆಟ್ ಹೋಗಿರುವಾಗ?”

ಅವಳು ಉತ್ತರ ಕೊಡುವಷ್ಟರಲ್ಲಿ ನಿಜವಾಗಿಯೂ ಹೋಯಿತು. ಆ ಚಳಿಗಾಲದಲ್ಲಿ ಅವರ ಅರ್ಧ ಜಗಳಗಳು ಹೀಗೆಯೇ ನಡುವಿನಲ್ಲಿ ನಿಂತವು. ಮುಗಿಯದ ಜಗಳ ಆರುವುದಿಲ್ಲ, ಹಾಗೆಯೇ ಒಳಗೆ ಇರುತ್ತದೆ. ಅವಳು ದಿನ ಬಿಟ್ಟು ದಿನ ಕರೆ ಮಾಡತೊಡಗಿದಳು.

ನೆಲಾ ಹೋಗಿ ಎರಡನೆಯ ಈಸ್ಟರ್ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ವಿರ್ಜಿಲ್ ಮನೆಗೆ ಬಣ್ಣ ಹೊಡೆಯಲು ಕೈಹಾಕಿದ. ಅವಳು ಹೇಳಿದ್ದ ಎರಡು ವರ್ಷ ಬೇಸಿಗೆಗೆ ತುಂಬುತ್ತಿತ್ತು. ಬಣ್ಣ ಯಾರಿಗಾಗಿ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಾನೂ ಒಂದು ದಿನ ಹೋಗಿ ಬ್ರಶ್ಶು ಹಿಡಿದೆ. ನಡುಮನೆಯ ಸಾಮಾನೆಲ್ಲ ಒಳಗೆ ಸಾಗಿಸಿದೆವು. ಕಪ್ಪು ಪೆಟ್ಟಿಗೆಯನ್ನು ಅವನು ವೈರು ಬಿಚ್ಚಿ, ಹಳೆಯ ಸ್ವೆಟರಿನಲ್ಲಿ ಸುತ್ತಿ, ಬೀರುವಿನಲ್ಲಿ ಮಲಗಿಸಿದ. ರೂಟರು ಮಾತ್ರ ನೆಲದ ಮೇಲೆ, ಹಾಸಿದ ಪೇಪರುಗಳ ನಡುವೆ ಉಳಿಯಿತು.

ಆ ವಾರ ನೆಟ್ ಒಮ್ಮೆಯೂ ಹೋಗಲಿಲ್ಲ.

ಹೊಸ ರೂಟರು ಈಗ ಪಳಗಿತು ಎಂದು ವಿರ್ಜಿಲ್ ಅಂದುಕೊಂಡ. ಯಾಕೆ ಸರಿಹೋಯಿತು ಎಂದು ತಲೆಕೆಡಿಸಿಕೊಳ್ಳುವಷ್ಟು ಬಿಡುವೂ ಇರಲಿಲ್ಲ; ನೆಲಾ ದಿನಾ ಕರೆ ಮಾಡುತ್ತಿದ್ದಳು, ದಿನಾ ತುಂಬ ಹೊತ್ತು. ಒಂದು ಸಂಜೆ ಅವಳು ಮಗಳಿಗೆ ಉಪವಾಸದ, ಮಾಂಸವಿಲ್ಲದ ಸರ್ಮಾಲೆ ಮಾಡುವುದನ್ನು ಅಲ್ಲಿಂದಲೇ ಕಲಿಸಿದಳು. ಇಲ್ಲಿ ಬಣ್ಣದ ವಾಸನೆಯ ಅಡುಗೆಮನೆಯಲ್ಲಿ ಇಲಿಂಕಾ ಎಲೆಕೋಸಿನ ಎಲೆಯೊಳಗೆ ಅಕ್ಕಿ, ಅಣಬೆ ಇಟ್ಟು ಸುತ್ತಲು ಒದ್ದಾಡುತ್ತಿದ್ದಳು.

“ಅಷ್ಟೊಂದು ತುಂಬಬೇಡ ಕಣೇ, ಬೆರಳಷ್ಟು ದಪ್ಪ ಸಾಕು.”

“ಯಾರ ಬೆರಳು ಅಮ್ಮ, ನಿಂದಾ ಅಪ್ಪಂದಾ?”

“ಅಪ್ಪನ ಬೆರಳಷ್ಟು ಮಾಡಿದ್ರೆ ಊರಿಗೆಲ್ಲ ಒಂದೇ ಸಾಕಾಗತ್ತೆ.”

ಮೂವರೂ ನಕ್ಕರು. ವಿರ್ಜಿಲ್ ಅದನ್ನೂ ವಿಡಿಯೊ ಮಾಡಿಕೊಂಡ. ಮಗಳು ಕೈ ತೊಳೆಯಲು ಹೋದಾಗ ನೆಲಾ ದನಿ ತಗ್ಗಿಸಿದಳು.

“ಸಿಞ್ಯೋರಾ ಅಜ್ಜಿಯ ಮಗ ಬಂದಿದ್ದ. ಇನ್ನೂ ಎರಡು ವರ್ಷ ಇರ್ತೀಯಾ ಅಂತ ಕೇಳ್ತಿದಾನೆ. ಇಲ್ಲ ಅಂದ್ರೆ ಬೇರೆಯವಳನ್ನ ನೋಡಬೇಕಂತೆ. ನಾಡಿದ್ದು ಬೆಳಿಗ್ಗೆ ಹೇಳಬೇಕು.”

“ನಿನಗೆ ಹೇಗೆ ಅನ್ಸತ್ತೋ ಹಾಗೆ ಮಾಡು.”

“ನನಗೆ ಹೇಗನ್ಸತ್ತೆ ಅಂತ ನನಗೆ ಗೊತ್ತು. ನಿನ್ನ ಕೇಳ್ತಿದೀನಿ. ನಾನು ಬರಲಾ?”

ವಿರ್ಜಿಲನಿಗೆ ಬಾ ಎನ್ನುವ ಆಸೆ ಗಂಟಲವರೆಗೆ ಬಂದಿತ್ತಂತೆ. ಆದರೆ ಬಂದರೆ ಅವಳಿಗೆ ಇಲ್ಲಿ ಕೆಲಸವೇನು, ಇವನಿಂದಾಗಿ ಕೆಲಸ ಬಿಟ್ಟೆ ಎಂದು ನಾಳೆ ಅಂದುಕೊಂಡಾಳೋ ಏನೋ ಎಂದು ತೂಗಿದ. ಅವನು ಯಾವುದನ್ನೂ ತೂಗದೆ ಹೇಳುವವನಲ್ಲ.

“ನಾಳೆ ಹೇಳ್ತೀನಿ” ಎಂದ.

“ಸರಿ, ನಾಳೆ” ಎಂದಳು ನೆಲಾ. ಸಿಟ್ಟು ಮಾಡಿಕೊಳ್ಳಲಿಲ್ಲ.

ಮಾರನೆಯ ದಿನ ಕೆಲಸದ ಹೊತ್ತಿನಲ್ಲಿ ಅವನು ನನ್ನನ್ನು ಕೇಳಿದ: “ನೀನಾಗಿದ್ರೆ ಏನು ಹೇಳ್ತಿದ್ದೆ?”

“ಕೇಳಿದ ಕೂಡಲೇ ಬಾ ಅಂತಿದ್ದೆ. ಇದರಲ್ಲಿ ಅಳತೆಪಟ್ಟಿ ಹಿಡಿಯೋದೇನಿದೆ?”

“ಅದೇ ಹೇಳ್ತೀನಿ ಇವತ್ತು” ಎಂದ. ಆ ದಿನ ಅವನು ಶಿಳ್ಳೆ ಹಾಕುತ್ತ ಕೆಲಸ ಮಾಡಿದ್ದು ನನಗೆ ನೆನಪಿದೆ.

ಸಂಜೆ ಬೇಗ ಮನೆಗೆ ಹೋಗಿ ನಡುಮನೆಯನ್ನು ಜೋಡಿಸಿದ. ಬರುವವಳಿಗೆ ತೋರಿಸಬೇಕಲ್ಲ. ಪರದೆ ಹಾಕಿದ, ಮೇಜು ಒರೆಸಿದ, ಸ್ವೆಟರು ಬಿಚ್ಚಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು ಎರಡೂ ವೈರುಗಳನ್ನು ನೀಟಾಗಿ ಸಿಕ್ಕಿಸಿದ. ವಾರವಿಡೀ ತೆಗೆದ ವಿಡಿಯೊಗಳು ಅವನ ಫೋನಿನಲ್ಲಿ ಕಾದಿದ್ದವು, ಹರಿಯಲು ಶುರುವಾದವು. ಅಷ್ಟರಲ್ಲಿ ನೆಲಾಳ ಕರೆ ಬಂತು. ತಲೆ ಬಾಚಿಕೊಂಡಿದ್ದಳು, ಯಾವುದೋ ಒಳ್ಳೆಯ ಬ್ಲೌಸು ಹಾಕಿದ್ದಳು.

“ಗೋಡೆ ಚೆನ್ನಾಗಿ ಬಂದಿದೆ” ಎಂದಳು. ಆಮೇಲೆ, “ಹೇಳು.”

ಅವನು ಬಾಯಿ ತೆರೆದ. ಅವಳ ಮುಖ ನಿಂತುಹೋಯಿತು.

“ನೆಲಾ? ನೆಲಾ, ಕೇಳ್ತಿದ್ಯಾ?” ರೂಟರಿನ ದೀಪ ಕೆಂಪಗೆ ಮಿಟುಕುತ್ತಿತ್ತು.

ಅಲ್ಲಿಯವರೆಗೆ ಆದದ್ದರಲ್ಲಿ ಅವನ ತಪ್ಪು ಎನ್ನುವಂಥದ್ದು ಏನೂ ಇಲ್ಲ. ಆಮೇಲಿನದನ್ನು ಮಾತ್ರ ಅವನು ಇವತ್ತಿಗೂ ತಲೆ ಎತ್ತಿ ಹೇಳುವುದಿಲ್ಲ. ಫೋನು ಅವನ ಕೈಯಲ್ಲೇ ಇತ್ತು. ನೆಟ್ ಇಲ್ಲದಿದ್ದರೇನು, ಸಾಮಾನ್ಯ ಕರೆ ಮಾಡಬಹುದಿತ್ತು. ಅದರ ಬದಲು ಅವನು ಫೋನನ್ನು ಸೋಫಾದ ಮೇಲೆ ಇಟ್ಟು ರೂಟರಿನ ಮುಂದೆ ಮಂಡಿಯೂರಿದ. ಯಾಕೆಂದರೆ ಆ ಕ್ಷಣದಲ್ಲಿ ಅವನ ತಲೆಯಲ್ಲಿ ದೀಪ ಹತ್ತಿತ್ತು. ವಾರವಿಡೀ ಸರಿಯಿತ್ತು. ಇವತ್ತು ಕೆಟ್ಟಿತು. ಇವತ್ತು ಬದಲಾದದ್ದೇನು? ಪೆಟ್ಟಿಗೆ.

ಪೆಟ್ಟಿಗೆಯ ವೈರು ಎರಡನ್ನೂ ಕಿತ್ತ. ನೆಟ್ ಬಂತು. ಒಂದನ್ನು ಸಿಕ್ಕಿಸಿ ಕಾದ. ಇತ್ತು. ಎರಡನೆಯದನ್ನು ಸಿಕ್ಕಿಸಿದ, ವಿಡಿಯೊಗಳು ಮತ್ತೆ ಹರಿಯತೊಡಗಿದ ಸ್ವಲ್ಪ ಹೊತ್ತಿಗೆ ಹೋಯಿತು. ಅಲ್ಲಿಗೆ ಎಲ್ಲ ಅರ್ಥವಾಯಿತು. ಒಂದೇ ಪೆಟ್ಟಿಗೆ ಎರಡು ಬಾಗಿಲಲ್ಲಿ ನಿಂತು ಕೂಗಿದರೆ, ಆ ಅಗ್ಗದ ರೂಟರು ಯಾವ ಬಾಗಿಲಿಗೆ ಓಡುವುದೆಂದು ತಿಳಿಯದೆ ತಲೆತಿರುಗಿ, ಮನೆಯವರೆಲ್ಲರ ಕೈಬಿಡುತ್ತಿತ್ತು.

ಇಲಿಂಕಾ ಬಾಗಿಲಲ್ಲಿ ನಿಂತಿದ್ದಳು. “ಅಪ್ಪ, ಅಮ್ಮಂಗೆ ಫೋನ್ ಮಾಡು.”

“ಮಾಡ್ತೀನಿ ಮರಿ, ಒಂದ್ನಿಮಿಷ. ಇದೇ ಹೌದಾ ಅಂತ ಇನ್ನೊಂದ್ಸಲ ನೋಡಿಬಿಡ್ತೀನಿ.”

ಇನ್ನೊಂದು ಸಲ ನೋಡಿದ. ಮತ್ತೊಂದು ಸಲವೂ ನೋಡಿದ. ವೈರು ಬದಲಿಸಿ, ತೂತು ಬದಲಿಸಿ ನೋಡಿದ. ಎಲ್ಲ ಖಾತ್ರಿಯಾದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕರೆ ಮಾಡಿದರೆ ನೆಲಾ ಎತ್ತಲಿಲ್ಲ. ಮುದುಕಿಯನ್ನು ಮಲಗಿಸುತ್ತಿರಬೇಕು ಎಂದುಕೊಂಡು ಒಂದು ಸಂದೇಶ ಕಳಿಸಿದ: ‘ತಪ್ಪು ಸಿಕ್ತು. ಪೆಟ್ಟಿಗೆಗೆ ಎರಡು ವೈರು ಹಾಕಿದ್ದೇ ಕಾರಣ. ಇನ್ಮೇಲೆ ಕಟ್ ಆಗಲ್ಲ.’

ಬೆಳಿಗ್ಗೆ ನಾವು ಒಂದು ಕಟ್ಟಡದ ತುದಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಲ್ಲಿದ್ದೆವು. ಅವನು ಕೈಯಲ್ಲಿ ಗ್ರೀಸು ಮೆತ್ತಿಕೊಂಡು, ಆ ಹಬ್ಬದ ನಗು ನಗುತ್ತ, ಎರಡನೇ ವೈರಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಚೆನ್ನಾಗಿಯೇ ಹೇಳಿದ. ನಾನು ಕೇಳಿ ಮುಗಿಸಿ ಕೇಳಿದೆ:

“ಅದಿರ್ಲಿ. ನೆಲಾ ಏನಂದ್ಲು?”

“ಯಾವುದಕ್ಕೆ?”

“ಬಾ ಅಂದಿದ್ದಕ್ಕೆ.”

ಅವನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳತೊಡಗಿದ. ಒಂದೊಂದೇ ಬೆರಳು ಒರೆಸಿದ. ಆಮೇಲೆ ಫೋನು ತೆಗೆದು ಅಲ್ಲೇ ಮೋಟಾರಿನ ಪಕ್ಕದಲ್ಲಿ ನಿಂತು ಕರೆ ಮಾಡಿದ. ನಾನು ಹೊರಗೆ ಹೋಗಲು ಎದ್ದೆ. ಬೇಡ, ಇರು ಎಂಬಂತೆ ಕೈ ಮಾಡಿದ. ಫೋನಿನ ದನಿ ದೊಡ್ಡದಾಗಿತ್ತು. ಆ ಚಿಕ್ಕ ಕೋಣೆಯಲ್ಲಿ ಅವಳ ಮಾತೂ ಕೇಳುತ್ತಿತ್ತು.

“ನೆಲಾ, ನಿನ್ನೆ ನಾನು ಬಾ ಅಂತಾನೇ ಹೇಳೋಕಿದ್ದೆ.”

“ಗೊತ್ತು. ನೀನು ಬಾಯಿ ತೆಗೆದಿದ್ದು ಕಾಣಿಸ್ತು.”

“ಮತ್ತೆ? ಅವರಿಗೆ ಇನ್ನೂ ಹೇಳಿಲ್ಲ ತಾನೇ?”

“ಹೇಳಿದೆ. ಅಜ್ಜಿ ಮಗ ಬೆಳಿಗ್ಗೇನೇ ಬಂದಿದ್ದ. ಇರ್ತೀನಿ ಅಂದೆ.”

“ಯಾಕೆ ನೆಲಾ? ನೆಟ್ ಹೋಗಿದ್ದು ನಿನಗೆ ಗೊತ್ತಿತ್ತಲ್ಲ.”

“ಗೊತ್ತಿತ್ತು. ನೆಟ್ ಹೋಯ್ತು, ಈಗ ಫೋನ್ ಮಾಡ್ತಾನೆ ಅಂತ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ಅಜ್ಜಿ ಔಷಧಿ ಕೊಡು ಅಂದ್ರೂ ಏಳಲಿಲ್ಲ. ನೀನು ಮಾಡಿದಾಗ ನಾನು ಅವಳನ್ನ ಬಚ್ಚಲಿಗೆ ಕರ್ಕೊಂಡು ಹೋಗಿದ್ದೆ. ಬಂದು ನೋಡಿದ್ರೆ ಸಂದೇಶ ಇತ್ತು. ಅದರಲ್ಲಿ ಬಾ ಅಂತ ಇರತ್ತೆ ಅಂತ ಓದಿದೆ ವಿರ್ಜಿಲ್. ಎರಡು ಸಲ ಓದಿದೆ. ವೈರು ಇತ್ತು.”

ವಿರ್ಜಿಲ್ ಕೈಯಲ್ಲಿದ್ದ ಬಟ್ಟೆಯನ್ನು ಮೋಟಾರಿನ ಮೇಲೆ ಇಟ್ಟ.

“ಸಿಟ್ಟಿಲ್ಲ ನನಗೆ” ಎಂದಳು ಅವಳು. “ಆದ್ರೆ ಒಂದು ಮಾತು ಹೇಳೋಕೆ ನಿನಗೆ ಅಷ್ಟೆಲ್ಲ ರಿಪೇರಿ ಆಗಬೇಕು ಅಂದ್ರೆ, ನಾನು ಅಲ್ಲಿಗೆ ಬಂದು ಕೂತ್ರೂ ಕಾಯೋದೇ ಆಗತ್ತೆ ಅನ್ನಿಸ್ತು. ಇಲ್ಲಿ ಅಜ್ಜಿ ನನ್ನ ಹೆಸರು ಹಿಡಿದು ಕೂಗ್ತಾಳೆ.”

“ಈಗ ಹೇಳ್ತಿದೀನಿ. ಬಾ. ಅವರಿಗೆ ಇಲ್ಲ ಅಂತ ಹೇಳು.”

ಅವಳ ಹಿಂದೆ ಮುದುಕಿ ಏನೋ ಕೇಳುತ್ತಿದ್ದದ್ದು ಕೇಳಿಸಿತು. “ಅಜ್ಜಿ ನನ್ನ ಕೈ ಹಿಡ್ಕೊಂಡು ಅತ್ತಳು, ಇರ್ತೀನಿ ಅಂದಾಗ. ಈಗ ಹೇಗೆ ಇಲ್ಲ ಅನ್ನಲಿ?” ಎಂದಳು. ಇಲಿಂಕಾ ಊಟ ಸರಿಯಾಗಿ ಮಾಡುತ್ತಿದ್ದಾಳಾ ಎಂದು ಕೇಳಿ ಫೋನು ಇಟ್ಟಳು.

ಆ ದಿನ ವಿರ್ಜಿಲ್ ಎರಡು ಸಲ ಅದೇ ಸ್ಕ್ರೂ ಬಿಚ್ಚಿ ಅದೇ ಸ್ಕ್ರೂ ಹಾಕಿದ.

ಆಮೇಲಿನ ಎರಡು ವರ್ಷ ಅವರ ಮನೆಯ ನೆಟ್ ಒಮ್ಮೆಯೂ ನಿಲ್ಲಲಿಲ್ಲ. ನೆಲಾಳ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಸ್ಪಷ್ಟವಾಗಿ ಬರುತ್ತಿತ್ತು. ಆದರೆ ಮಾತು ಮೊದಲಿನ ಹಾಗೆ ಬರಲಿಲ್ಲ. ಮುಂಚೆ ಮಾತು ಅರ್ಧಕ್ಕೆ ಉಳಿದಾಗ ತಪ್ಪನ್ನು ನೆಟ್ಟಿನ ಮೇಲೆ ಹಾಕಬಹುದಿತ್ತು. ಈಗ ಮಾತು ಮುಗಿದರೆ ಮುಗಿದದ್ದೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತಿರುತ್ತಿದ್ದರು. ವಿರ್ಜಿಲ್ ಮಧ್ಯಾಹ್ನ ಊಟದ ಹೊತ್ತಿಗೆ ಸಾಮಾನ್ಯ ಕರೆಯನ್ನೂ ಮಾಡತೊಡಗಿದ. “ನಿನ್ನ ನೆನಪಾಯ್ತು, ಅದಕ್ಕೆ ಮಾಡಿದೆ” ಎಂದು ಮೊದಲೇ ಹೇಳಿಬಿಡುತ್ತಿದ್ದ, ಎಲ್ಲಿ ಮರೆತುಹೋಗುತ್ತದೋ ಎನ್ನುವವನ ಹಾಗೆ. ಅವಳು “ಹ್ಞೂಂ, ಒಳ್ಳೇದು” ಎನ್ನುತ್ತಿದ್ದಳು. ಒಂದು ಆಗಸ್ಟಿನಲ್ಲಿ ಮುದುಕಿ ಬಿದ್ದು ಸೊಂಟ ಮುರಿದುಕೊಂಡದ್ದರಿಂದ ನೆಲಾ ರಜೆಗೂ ಬರಲಿಲ್ಲ. ಇಲಿಂಕಾ ದೊಡ್ಡವಳಾದಾಗ ಏನು ಮಾಡಬೇಕೆಂದು ಹೇಳಿಕೊಟ್ಟದ್ದು ಅಗ್ಲಾಯಾ ಅತ್ತೆ. ಸಂಜೆಯ ಕರೆಗೆ ಹುಡುಗಿ ಬಂದು ಕೈ ಬೀಸಿ, ಪಾಠ ಇದೆ ಎಂದು ಒಳಗೆ ಹೋಗುತ್ತಿದ್ದಳು. ಪಾಠ ನಿಜವಾಗಿಯೂ ಇರುತ್ತಿತ್ತು.

ಎರಡು ವರ್ಷ ಮುಗಿದ ಮೇಲೆ ನೆಲಾ ಬಂದಳು, ಬರುತ್ತೇನೆಂದಂತೆಯೇ. ವಿರ್ಜಿಲನ ಹತ್ತಿರ ಕಾರಿಲ್ಲ, ಹಾಗಾಗಿ ಬಸ್ ನಿಲ್ದಾಣಕ್ಕೆ ನಾನೇ ಕಂಪನಿಯ ವ್ಯಾನು ತೆಗೆದುಕೊಂಡು ಹೋದೆ. ಇಟಲಿಯ ಬಸ್ಸು ಬಂದಾಗ ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಇಳಿದವಳು ಸಣ್ಣಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ವಿರ್ಜಿಲ್ ಚೀಲಗಳನ್ನು ಹಾಗೇ ಬಿಟ್ಟು ಮೊದಲು ಅವಳ ಹತ್ತಿರ ಹೋದ. “ನೀನು ಬಂದಿದ್ದು ನನಗೆ ಎಷ್ಟು…” ಎಂದು ಶುರುಮಾಡಿದ. ಅವಳು ಅವನ ತೋಳನ್ನು ಮೆಲ್ಲಗೆ ತಟ್ಟಿದಳು. ಅವಳ ಕಣ್ಣು ಅವನ ಹಿಂದೆ ನಿಂತ ಮಗಳ ಮೇಲಿತ್ತು.

ಇಲಿಂಕಾ ಈಗ ತಾಯಿಗಿಂತ ಎತ್ತರ. ಮುಂದೆ ಬಂದು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು, ತಾಯಿಯ ಕೈಯಿಂದ ಭಾರದ ಚೀಲ ತೆಗೆದುಕೊಂಡಳು. ಒಳ್ಳೆಯ ಹುಡುಗಿ. ವ್ಯಾನಿನ ಬಾಗಿಲು ತೆರೆದು ಹಿಡಿದು ಹೇಳಿದಳು:

“ನೀವು ಮುಂದೆ ಕೂತ್ಕೊಳ್ಳಿ ಅಮ್ಮ. ಹಿಂದೆ ತುಂಬ ಕುಲುಕುತ್ತೆ.”

ನಮ್ಮ ಮನೆಗಳಲ್ಲಿ ಯಾವ ಮಗುವೂ ತಾಯಿಗೆ ‘ನೀವು’ ಎನ್ನುವುದಿಲ್ಲ. ಟೀಚರಿಗೆ ಹಾಗೆನ್ನುತ್ತಾರೆ, ಕೆಳಗಿನ ಮನೆಯ ಅತ್ತೆಗೆ ಹಾಗೆನ್ನುತ್ತಾರೆ. ಹುಡುಗಿ ಬೇಕೆಂದು ಅಂದದ್ದಲ್ಲ. ಬಾಯಿಗೆ ತಾನಾಗಿ ಬಂತು, ತಾನು ಅಂದದ್ದು ಅವಳಿಗೆ ಗೊತ್ತೂ ಆಗಲಿಲ್ಲ. ನೆಲಾ ಒಂದು ಕ್ಷಣ ಬಾಗಿಲ ಹಿಡಿ ಹಿಡಿದು ನಿಂತಳು. ಆಮೇಲೆ “ಥ್ಯಾಂಕ್ಸ್ ಕಣೇ” ಎಂದು ಹತ್ತಿ ಕೂತಳು.

ವಿರ್ಜಿಲ್ ಹಿಂದಿನಿಂದ ಚೀಲಗಳನ್ನು ಒಳಗೆ ಸರಿಸುತ್ತಿದ್ದ. ಕೇಳಿಸಿಕೊಂಡಿದ್ದ ಎಂದು ಕನ್ನಡಿಯಲ್ಲಿ ನನಗೆ ಕಂಡಿತು. ಬಾಗಿಲು ಹಾಕಿ ಮಗಳ ಪಕ್ಕದಲ್ಲಿ ಕೂತ. ನಾನು ಗಾಡಿ ಹೊರಡಿಸಿದೆ. ಸೇತುವೆ ದಾಟಿದ ಮೇಲೆ ನೆಲಾ ಹಿಂದಕ್ಕೆ ತಿರುಗಿ, ಹೊಸದಾಗಿ ಪರಿಚಯವಾದವರನ್ನು ಕೇಳುವ ಹಾಗೆ, ನಿನಗೆ ಯಾವ ಪಾಠ ಇಷ್ಟ ಎಂದು ಮಗಳನ್ನು ಕೇಳಿದಳು.